ಹಿತ್ತಲ ಮರಕ್ಕೆ ಕಾಯಿಲೆಯೇ? ಎಲೆಗಿಂತ ಮೊದಲು ಬುಡ ನೋಡಿ

ಕೊಡಗಿನಲ್ಲಿ ಹಿತ್ತಲಿಗೆ ಮರವಿಲ್ಲದ ಮನೆ ಅಪರೂಪ. ಅಡುಗೆಮನೆಯ ಹಿಂದೆ ಕಿತ್ತಳೆ, ನಿಂಬೆ, ಕರಿಬೇವು. ಅಂಗಳದಂಚಿಗೆ ಹಲಸು, ಮಾವು, ಬೆಣ್ಣೆಹಣ್ಣು. ಗದ್ದೆಯ ಕಡೆ ಇಳಿಯುವಲ್ಲಿ ಅಡಿಕೆ, ತೆಂಗು. ತೋಟದ ಕಾಫಿಗೆ ಯಾವಾಗ ಏನು ಮಾಡಬೇಕೆಂಬ ಲೆಕ್ಕ ಎಲ್ಲರಲ್ಲೂ ಇದೆ. ಹಿತ್ತಲಿನ ಮರಕ್ಕೆ ಆ ಲೆಕ್ಕವಿಲ್ಲ. ಎಲೆ ಹಳದಿಯಾದ ಮೇಲೆ ಗಮನ ಬರುತ್ತದೆ, ಎರಡೆಲೆ ಕಿತ್ತುಕೊಂಡು ಔಷಧಿ ಅಂಗಡಿಗೆ ಹೋಗಿ ಅವರು ಕೊಟ್ಟಿದ್ದನ್ನು ತಂದು ಹೊಡೆಯುತ್ತೇವೆ. ಅದು ಹೆಚ್ಚಿನ ಸಲ ನಾಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದ ಮಣ್ಣಿನಲ್ಲಿ ಬೇರು ಕೊಳೆತಿರುತ್ತದೆ. ಮಳೆ ನಿಂತು ಬಿಸಿಲು ಏರಿದಾಗ, ನೀರು ಎಳೆಯಲು ಬೇರಿಲ್ಲದೆ ಎಲೆ ಬಾಡುತ್ತದೆ. ಆಗ ಎಲೆಗೆ ಔಷಧಿ ಹೊಡೆದು ಏನು ಪ್ರಯೋಜನ?

ಅದಕ್ಕೇ ಇಲ್ಲಿ ಹೇಳುವ ಪರೀಕ್ಷೆಯ ಕ್ರಮ ಬೇರೆ. ಮೊದಲು ದೂರದಿಂದ ಇಡೀ ಮರ, ಆಮೇಲೆ ಬುಡ, ಬೇರು, ಕಾಂಡ. ಎಲೆಯ ಸರದಿ ಕೊನೆಗೆ.

ಯಾವಾಗ ನೋಡಬೇಕು, ಏನು ಬೇಕು

ವರ್ಷಕ್ಕೆ ಮೂರು ಸಲ ಸಾಕು. ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುನ್ನ ಒಮ್ಮೆ, ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲ ವಾರದ ಹಬ್ಬ) ಕಳೆದು ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ, ಪುತ್ತರಿ (ನವೆಂಬರ್, ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ) ಆದ ಮೇಲೆ ಬಿಸಿಲು ಬಲಿತಾಗ ಮತ್ತೊಮ್ಮೆ. ಎರಡನೆಯದನ್ನು ಮಾತ್ರ ತಪ್ಪಿಸಬೇಡಿ. ಕೊಳೆ ಶುರುವಾಗಿ ಮರ ಇನ್ನೂ ಉಳಿಯುವ ಸ್ಥಿತಿಯಲ್ಲಿರುವುದು ಆಗಲೇ.

ಹರಿತವಾದ ಚಾಕು, ಸಣ್ಣ ಗುದ್ದಲಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಕನ್ನಡಿ, ಬಾಲ್‌ಪೆನ್ನು, ಸ್ಪಿರಿಟ್ ಮತ್ತು ಹತ್ತಿ ಜೊತೆಗಿರಲಿ. ಒಂದು ಮರ ಕೆರೆದ ಚಾಕನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದಕ್ಕೆ ಮುಟ್ಟಿಸಬಾರದು. ಮರಗಸಿಗೆ, ಅಂದರೆ ಕೊಂಬೆ ಸವರಲು, ಬರುವವರ ಕತ್ತಿಗೂ ಇದೇ ನಿಯಮ. ಅವರು ಊರೆಲ್ಲ ಸುತ್ತಿ ಬಂದಿರುತ್ತಾರೆ, ಕೇಳಲು ಸಂಕೋಚ ಬೇಡ.

ಹೆಜ್ಜೆ 1: ಹತ್ತು ಹೆಜ್ಜೆ ದೂರ ನಿಂತು

ಇಡೀ ಮರ ಒಂದೇ ಸಮ ಸೊರಗಿದೆಯೇ, ಒಂದೇ ಕೊಂಬೆಯೇ ಎಂದು ನೋಡಿ. ಒಂದು ಕೊಂಬೆ ಮಾತ್ರ ಒಣಗಿದ್ದರೆ ತೊಂದರೆ ಆ ಕೊಂಬೆಯಲ್ಲೇ ಇದೆ: ಕಾಂಡಕೊರಕ, ಪಿಂಕ್ ರೋಗ, ಬಂದಳಿಕೆ ಇವುಗಳಲ್ಲೊಂದು (ಗುರುತು ಹೆಜ್ಜೆ 4ರಲ್ಲಿದೆ). ನೆತ್ತಿಯಿಂದ ಎಲೆ ಉದುರುತ್ತಾ ಕಡ್ಡಿ ಬೋಳಾಗುತ್ತಾ ಕೆಳಗಿಳಿದಿದ್ದರೆ ಬೇರನ್ನು ಶಂಕಿಸಿ. ಇಡೀ ಮರ ಒಂದೇ ವಾರದಲ್ಲಿ ಬಾಡಿ, ಎಲೆ ಉದುರದೆ ನೇತಾಡುತ್ತಿದ್ದರೆ ಬುಡದ ತೊಗಟೆ ಸುತ್ತಲೂ ಕೊಳೆತಿರಬಹುದು, ಇಲ್ಲವೇ ಬೇರುರೋಗ ಹಿಡಿದಿರಬಹುದು.

ಪಕ್ಕದ ಬೇರೆ ಜಾತಿಯ ಗಿಡಗಳನ್ನೂ ನೋಡಬೇಕು. ಕಿತ್ತಳೆ, ದಾಸವಾಳ, ಬಾಳೆ ಎಲ್ಲವೂ ಒಂದೇ ಜಾಗದಲ್ಲಿ ಸೊರಗಿದ್ದರೆ ಅದು ರೋಗಕ್ಕಿಂತ ಹೆಚ್ಚಾಗಿ ನೀರು ನಿಲ್ಲುವ ಜಾಗ, ಸುಣ್ಣ ಸಿಮೆಂಟು ಸುರಿದ ಜಾಗ, ಅಥವಾ ಕಳೆನಾಶಕ ಹಾರಿ ಬಿದ್ದ ಜಾಗ. ರೋಗ ಸಾಮಾನ್ಯವಾಗಿ ಜಾತಿ ನೋಡಿಕೊಂಡು ಬರುತ್ತದೆ.

ಹೆಜ್ಜೆ 2: ಬುಡ

ಮರ ಮಣ್ಣಿಗಿಳಿಯುವಲ್ಲಿ ಬುಡ ಸ್ವಲ್ಪ ಅಗಲವಾಗಿ ಬೇರಿಗೆ ಹರಡಿಕೊಂಡಿರಬೇಕು. ಕಂಬ ನೆಟ್ಟಂತೆ ನೇರ ಇಳಿದಿದ್ದರೆ ಮೇಲೆ ಮಣ್ಣು ಏರಿದೆ ಎಂದರ್ಥ. ಇಳಿಜಾರಿನ ಹಿತ್ತಲುಗಳಲ್ಲಿ ಇದು ಬಹಳ: ಮೇಲಿನ ಬರೆಯಿಂದ ಮಣ್ಣು ಜಾರಿ ಬಂದು ತೊಗಟೆಯನ್ನು ಮುಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಬರೆ ಕುಸಿದ ಕಡೆಗಳಲ್ಲಿ ಹೀಗೆ ಹೂತುಹೋದ ಬುಡಗಳಿದ್ದರೆ ಮೊದಲು ಅವನ್ನೇ ನೋಡಿ. ಗೊಬ್ಬರ, ತರಗೆಲೆ, ಕಾಫಿ ಸಿಪ್ಪೆಯನ್ನು ಬುಡಕ್ಕೆ ಒತ್ತಿ ರಾಶಿ ಹಾಕುವುದರಿಂದಲೂ ಅದೇ ಆಗುತ್ತದೆ. ತೊಗಟೆ ಉಸಿರಾಡದೆ ಮೆತ್ತಗಾಗಿ ಬೇರು, ತೊಗಟೆ ಕೊಳೆಸುವ ಫೈಟೋಫ್ತೊರಾ ಎಂಬ ರೋಗಾಣು ಹೊಕ್ಕಲು ಬಾಗಿಲು ತೆರೆಯುತ್ತದೆ. ಮಣ್ಣನ್ನು ಕೈಯಲ್ಲಿ ಸರಿಸಿ ಮೊದಲ ಬೇರು ಕವಲೊಡೆಯುವವರೆಗೆ ತೆರೆಯಿರಿ. ಕಸಿ ಗಿಡವಾದರೆ ಕಸಿ ಗಂಟು ನೆಲದಿಂದ ಕನಿಷ್ಠ 15 ಸೆಂ.ಮೀ. ಮೇಲಿರಬೇಕು.

ಈಗ ಚಾಕಿನ ತುದಿಯಿಂದ, ಅನುಮಾನ ಬಂದ ಕಡೆ, ಹೆಬ್ಬೆರಳಿನ ಉಗುರಿನಷ್ಟು ತೊಗಟೆಯನ್ನು ತೆಳ್ಳಗೆ ಕೆರೆಯಿರಿ. ಒಳಗೆ ಹಸಿರು ಅಥವಾ ಕೆನೆ ಬಣ್ಣ, ಮುಟ್ಟಿದರೆ ತೇವ: ಜೀವ ಇದೆ. ಕಂದು ಬಣ್ಣ, ನೀರು ನೀರಾಗಿ ಹುಳಿ ವಾಸನೆ: ಕೊಳೆಯುತ್ತಿದೆ. ಕಂದಾಗಿ ಒಣಗಿ ಪದರು ಏಳುತ್ತಿದ್ದರೆ ಆ ಭಾಗ ಸತ್ತಿದೆ. ಬುಡದ ನಾಲ್ಕೂ ಕಡೆ ಹೀಗೆ ನೋಡಿ, ಸುತ್ತಳತೆಯಲ್ಲಿ ಎಷ್ಟು ಪಾಲು ಸತ್ತಿದೆ ಎಂದು ಅಂದಾಜಿಸಿ. ಅರ್ಧಕ್ಕಿಂತ ಹೆಚ್ಚು ಬದುಕಿದ್ದರೆ ಆರೈಕೆಗೆ ಅರ್ಥವಿದೆ. ಮುಕ್ಕಾಲು ಪಾಲು ಸತ್ತ ಮರಕ್ಕೆ ಔಷಧಿ ಹಚ್ಚುವ ಬದಲು ಹೊಸ ಗಿಡಕ್ಕೆ ಜಾಗ ಹುಡುಕುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಬುಡದಲ್ಲಿ ಬೆಂಚಿನಂತೆ ಚಾಚಿದ ಗಟ್ಟಿ ಅಣಬೆ ಕಂಡರೆ ಒಳಗಿನ ಮರ ಕೊಳೆತಿದೆ. ಮರದ ಕೊಡತಿಯಿಂದ ಕಾಂಡಕ್ಕೆ ತಟ್ಟಿದಾಗ ಟೊಳ್ಳು ಸದ್ದು ಬಂದು, ಮರ ಮನೆಯ ಕಡೆಗೆ ಅಥವಾ ಕರೆಂಟು ತಂತಿಯ ಕಡೆಗೆ ವಾಲಿದ್ದರೆ ಗಾಳಿಮಳೆಗೆ ಮೊದಲೇ ಇಳಿಸಬೇಕು. ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ. ಕೊಡಗಿನ ಹಳೆಯ ಹಿಡುವಳಿಗಳಾದ ಜಮ್ಮ, ಬಾಣೆ ಜಾಗಗಳಲ್ಲಿ ಮರದ ಹಕ್ಕು ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ.

ಹೆಜ್ಜೆ 3: ಬೇರು

ಕೊಂಬೆಗಳ ನೆರಳು ಬೀಳುವ ಅಂಚಿನಲ್ಲಿ, ಬುಡದಲ್ಲಿ ಅಲ್ಲ, 15ರಿಂದ 20 ಸೆಂ.ಮೀ. ಆಳಕ್ಕೆ ಅಗೆದು ದಾರದಷ್ಟು ಸಣ್ಣ ಬೇರುಗಳನ್ನು ತೆಗೆಯಿರಿ. ಒಳ್ಳೆಯ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಬಗ್ಗಿಸಿದರೆ ಬಗ್ಗುತ್ತದೆ. ಕಿತ್ತಳೆಯ ಬೇರು ಕೊಳೆತಿದ್ದರೆ ಎರಡು ಬೆರಳ ನಡುವೆ ಹಿಡಿದು ಎಳೆಯುವಾಗ ಮೇಲಿನ ಸಿಪ್ಪೆ ಜಾರಿ, ನೂಲಿನಂಥ ನಾರು ಮಾತ್ರ ಕೈಯಲ್ಲಿ ಉಳಿಯುತ್ತದೆ. ಬೆಣ್ಣೆಹಣ್ಣಿನದು ಕಪ್ಪಾಗಿ, ಮುರಿದರೆ ಚಟ್ಟೆಂದು ತುಂಡಾಗುತ್ತದೆ.

ದಪ್ಪ ಬೇರಿಗೆ ಮಣ್ಣು, ಸಣ್ಣ ಕಲ್ಲು ತೊಳೆದರೂ ಬಿಡದಂತೆ ಅಂಟಿಕೊಂಡಿದ್ದರೆ ಅದು ಕಾಫಿ ಬೆಳೆಗಾರರಿಗೆ ಗೊತ್ತಿರುವ ಕಂದು ಬೇರುರೋಗ. ಹಿಂದೆ ಕಡಿದ ನೆರಳುಮರದ ಬೊಡ್ಡೆ ಮಣ್ಣಿನಲ್ಲೇ ಉಳಿದಿದ್ದರೆ ಶಿಲೀಂಧ್ರ ಅದರಲ್ಲಿ ಬೆಳೆದು, ಬೇರಿಗೆ ಬೇರು ತಾಗಿ ಮುಂದಕ್ಕೆ ಹೋಗುತ್ತದೆ. ಸತ್ತ ಗಿಡವನ್ನೂ ಹಳೆಯ ಬೊಡ್ಡೆಯನ್ನೂ ಬೇರುಸಮೇತ ಕಿತ್ತು ಸುಡಬೇಕು. ಉಳಿದ ಗಿಡಗಳ ಕಡೆಗೆ 60 ಸೆಂ.ಮೀ. ಆಳ, 30 ಸೆಂ.ಮೀ. ಅಗಲದ ಚರಂಡಿ ತೋಡಿ, ತೆಗೆದ ಮಣ್ಣನ್ನು ರೋಗದ ಬದಿಗೇ ಹಾಕಿ.

ಹೆಜ್ಜೆ 4: ಕಾಂಡ, ಕೊಂಬೆ

ಕಾಂಡದ ಮೇಲಿನ ಬೂದುಬಿಳಿ ಕಲ್ಲುಹೂವು, ಹಸಿರು ಪಾಚಿ ರೋಗವಲ್ಲ. ಕೊಡಗಿನ ತೇವಕ್ಕೆ ಅವು ಬರುವುದು ಸಹಜ, ಮರದಿಂದ ಏನನ್ನೂ ಹೀರುವುದಿಲ್ಲ. ಚೂರಿಯಿಂದ ಕೆರೆದು ತೊಗಟೆಗೆ ಗಾಯ ಮಾಡುವುದೇ ದೊಡ್ಡ ಹಾನಿ.

ಬಂದಳಿಕೆ ಮಾತ್ರ ಹೀರುತ್ತದೆ. ಮರದ ಎಲೆಗಿಂತ ಬೇರೆ ಆಕಾರದ ದಪ್ಪ ಎಲೆಯ ಗುಚ್ಛ ಕೊಂಬೆಯ ನಡುವಿನಲ್ಲಿ ಕಂಡರೆ ಅದೇ. ಹಕ್ಕಿಗಳು ಅದರ ಅಂಟು ಬೀಜವನ್ನು ಕೊಂಬೆಗೆ ತಿಕ್ಕಿ ಹೋಗುತ್ತವೆ. ಬರೀ ಬಂದಳಿಕೆ ಮುರಿದರೆ ಮತ್ತೆ ಚಿಗುರುತ್ತದೆ. ಅಂಟಿದ ಜಾಗದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು, ಅದೂ ಅದು ಹಣ್ಣು ಬಿಡುವ ಮೊದಲು.

ಮಳೆ ಹೆಚ್ಚಿರುವ ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆ ಪಿಂಕ್ ರೋಗದ ಮೇಲೆ ಕಣ್ಣಿರಲಿ. ಹಲಸು, ಮಾವು, ಕಿತ್ತಳೆ ಯಾವುದನ್ನೂ ಅದು ಬಿಡುವುದಿಲ್ಲ. ಮೊದಲು ಕೊಂಬೆ ಕವಲೊಡೆಯುವಲ್ಲಿ ಜೇಡರಬಲೆಯಂಥ ಬಿಳಿ ಎಳೆ, ನಂತರ ಬಣ್ಣ ಬಳಿದಂತೆ ನಸುಗೆಂಪು ಪದರ, ಕೊನೆಗೆ ತೊಗಟೆ ಬಿರಿದು ಅದರಾಚೆಯ ಭಾಗ ಒಣಗುತ್ತದೆ. ಬಿಳಿ ಎಳೆ ಕಂಡಾಗಲೇ ಹಿಡಿದರೆ ಬೋರ್ಡೋ ಮುಲಾಮಿನಿಂದ (ಮೈಲುತುತ್ತ, ಸುಣ್ಣದ ಲೇಪ, ತಯಾರಿ ಮುಂದೆ ಇದೆ) ಕೊಂಬೆ ಉಳಿಯುತ್ತದೆ. ಒಣಗಿದ ಮೇಲೆ ಕತ್ತರಿಸುವುದೊಂದೇ ದಾರಿ.

ಸಣ್ಣ ತೂತು, ಅದರಡಿ ಮರದ ಪುಡಿ ಕಂಡರೆ ಕಾಂಡಕೊರಕ. ಪುಡಿ ಹೊಸದಾಗಿ ತೇವವಿದ್ದರೆ ಹುಳು ಒಳಗಿದೆ. ತಂತಿ ತೂರಿಸಿ ಹುಳುವನ್ನು ಚುಚ್ಚಿ ತೆಗೆಯಿರಿ. ಸಿಗದಿದ್ದರೆ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣಿನಿಂದ ಬಾಯಿ ಮುಚ್ಚಿ. ನಾಲ್ಕು ದಿನ ಬಿಟ್ಟು ಮತ್ತೆ ಹೊಸ ಪುಡಿ ಬಿದ್ದಿದೆಯೇ ನೋಡಿ.

ಹೆಜ್ಜೆ 5: ಈಗ ಎಲೆ

ಹಳೆಯ ಎಲೆ ಮೊದಲೋ, ಚಿಗುರು ಮೊದಲೋ? ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ಅಂಚು ಹಳದಿಯಾಗಿ, ತೊಟ್ಟಿನ ಬಳಿ ತ್ರಿಕೋನದಷ್ಟು ಹಸಿರು ಉಳಿದರೆ ಮೆಗ್ನೀಸಿಯಂ ಕೊರತೆ. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರು ಬಲೆಯಂತೆ ಕಂಡರೆ ಕಬ್ಬಿಣ. ಚಿಗುರು ಕಿರಿದಾಗಿ, ನೆಟ್ಟಗೆ ನಿಂತು, ನರಗಳ ನಡುವೆ ಹಳದಿಯಾದರೆ ಸತು. ಕೊರತೆಯ ಹಳದಿ ಎಲೆಯ ಎರಡು ಪಾಲಿನಲ್ಲೂ ಒಂದೇ ನಮೂನೆಯಲ್ಲಿರುತ್ತದೆ, ರೋಗದ್ದು ಹಾಗಿರುವುದಿಲ್ಲ.

ಎಲೆಯ ಮೇಲೆ ಕಾಡಿಗೆ ಬಳಿದಂಥ ಕಪ್ಪು ಇದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಬಿಟ್ಟುಬಂದರೆ ಎಲೆ ಗಟ್ಟಿಮುಟ್ಟಾಗಿದೆ. ಹೇನು, ಜಿಗಿಹುಳು, ಹಿಟ್ಟು ತಿಗಣೆ ಸುರಿಸಿದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು ಅದು. ಶಿಲೀಂಧ್ರನಾಶಕ ಬೇಡ, ಕೀಟವನ್ನು ಹುಡುಕಿ. ಇರುವೆಗಳ ಸಾಲು ಹಿಡಿದು ಹೋದರೆ ಸಿಗುತ್ತದೆ.

ಕಿತ್ತಳೆ, ನಿಂಬೆ

ಕೊಡಗಿನ ಕಿತ್ತಳೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಅದನ್ನು ಹಿತ್ತಲುಗಳಿಂದ ಖಾಲಿ ಮಾಡುತ್ತಿರುವ ಕಾಯಿಲೆಗಳಲ್ಲಿ ಒಂದಕ್ಕೆ ಮದ್ದಿಲ್ಲ, ಇನ್ನೊಂದಕ್ಕೆ ಖಂಡಿತ ಇದೆ. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಉಳಿಯುವ ಮರವನ್ನು ಕಡಿಯುತ್ತೇವೆ, ಕಡಿಯಬೇಕಾದ್ದನ್ನು ಉಳಿಸಿಕೊಳ್ಳುತ್ತೇವೆ.

ಮದ್ದಿಲ್ಲದ್ದು ಗ್ರೀನಿಂಗ್. ಮರದ ರಸನಾಳದಲ್ಲಿ ಬದುಕುವ ಬ್ಯಾಕ್ಟೀರಿಯ ಇದರ ಮೂಲ. ಹರಡುವುದು ಸಿಲ್ಲಾ ಎಂಬ 3ರಿಂದ 4 ಮಿ.ಮೀ. ಉದ್ದದ ಕಂದು ಕೀಟ. ಚಿಗುರಿನ ಮೇಲೆ ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ಓರೆಯಾಗಿ ಕೂರುವ ಕೀಟ ಕಂಡರೆ ಸಿಲ್ಲಾ ಎಂದು ತಿಳಿಯಿರಿ. ಮರಿಗಳು ಹಳದಿ, ಬಿಳಿ ಮೇಣದ ಎಳೆಗಳನ್ನು ಬಿಡುತ್ತವೆ. ಕರಿಬೇವಿನ ಚಿಗುರೂ ಈ ಕೀಟಕ್ಕೆ ಇಷ್ಟ. ಕಿತ್ತಳೆಯ ಪಕ್ಕದಲ್ಲೇ ಕರಿಬೇವು ಇದ್ದರೆ ಅದರ ಚಿಗುರನ್ನೂ ಭೂತಕನ್ನಡಿ ಹಿಡಿದು ನೋಡಬೇಕು.

ಎಲೆಯ ಪರೀಕ್ಷೆಗೆ ಬಾಲ್‌ಪೆನ್ನು ಬೇಕು. ಬಲಿತ ಎಲೆಯೊಂದನ್ನು ಕಿತ್ತು, ನಡುನರದ ಎಡಕ್ಕೆ ಒಂದು ಸೊನ್ನೆ, ಬಲಕ್ಕೆ ಸರಿಯಾಗಿ ಅದೇ ಎತ್ತರದಲ್ಲಿ ಇನ್ನೊಂದು ಸೊನ್ನೆ ಬರೆಯಿರಿ. ಇಂಥ ಎರಡು ಮೂರು ಜೋಡಿ ಮಾಡಿ, ಬೆಳಕಿಗೆ ಹಿಡಿಯಿರಿ. ಜೋಡಿ ಸೊನ್ನೆಗಳೊಳಗಿನ ಬಣ್ಣ ಒಂದೇ ಆಗಿದ್ದರೆ ಬಹುಶಃ ಸತುವಿನ ಕೊರತೆ. ಒಂದರೊಳಗೆ ಹಳದಿ, ಅದರ ಜೋಡಿಯೊಳಗೆ ಹಸಿರು ಇದ್ದು, ಹಳದಿ ಮಚ್ಚೆ ನರಗಳನ್ನು ದಾಟಿ ಹರಡಿದ್ದರೆ ಗ್ರೀನಿಂಗ್ ಶಂಕೆ ಬಲವಾಗುತ್ತದೆ. ಒಂದೆಲೆ ನೋಡಿ ತೀರ್ಮಾನಿಸಬೇಡಿ. ಮರದ ನಾಲ್ಕು ದಿಕ್ಕಿನಿಂದ ಹತ್ತಾರು ಎಲೆ ನೋಡಿ.

ಹಣ್ಣು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ರೋಗದ ಹಣ್ಣು ಸಣ್ಣದು, ಒಂದು ಬದಿಗೆ ಸೊಟ್ಟ. ಒಳ್ಳೆಯ ಹಣ್ಣು ಬಣ್ಣ ತಿರುಗುವುದು ತುದಿಯಿಂದ. ಇದು ತೊಟ್ಟಿನ ಕಡೆಯಿಂದ ತಿರುಗಿ, ತುದಿ ಹಸಿರಾಗಿಯೇ ಉಳಿಯುತ್ತದೆ. ತೊಟ್ಟಿನಿಂದ ತುದಿಗೆ ಉದ್ದಕ್ಕೆ ಸೀಳಿದರೆ ನಡುವಿನ ದಿಂಡು ಬಾಗಿರುತ್ತದೆ, ಬೀಜ ಕಂದಾಗಿ ಸುಕ್ಕುಗಟ್ಟಿರುತ್ತದೆ, ರಸ ಕಹಿ. ಎಲೆ ಮತ್ತು ಹಣ್ಣು ಎರಡರಲ್ಲೂ ಹೀಗೆ ಕಂಡ ಮರಕ್ಕೆ ಆಂಟಿಬಯೋಟಿಕ್ ಕೊಟ್ಟರೂ ಗುಣವಾಗದು. ಪ್ರಯೋಗಾಲಯದಲ್ಲಿ ಖಚಿತವಾದ ಮೇಲೆ, ಮೊದಲು ಸಿಲ್ಲಾ ಹಾರಿಹೋಗದಂತೆ ಕೀಟನಾಶಕ ಹೊಡೆದು, ನಂತರ ಮರ ತೆಗೆಯಿರಿ. ಆ ಮರದಿಂದ ಕಸಿ ಕಡ್ಡಿಯನ್ನು ಯಾರಿಗೂ ಕೊಡಬೇಡಿ. ಹಣ್ಣು ಎಷ್ಟೇ ರುಚಿಯಿದ್ದ ಹಳೆಯ ಮರವಾದರೂ ಸರಿ, ರೋಗ ಮುಂದಿನ ಮನೆಗೆ ಹೋಗುವುದು ಆ ಕಡ್ಡಿಯ ಜೊತೆಗೇ.

ಮದ್ದಿರುವುದು ಬುಡಕೊಳೆ. ನೆಲದಿಂದ ಒಂದೆರಡು ಅಡಿ ಎತ್ತರದೊಳಗೆ ತೊಗಟೆ ಬಿರಿದು ಜೇನಿನ ಬಣ್ಣದ ಅಂಟು ಸುರಿಯುತ್ತದೆ. ಮಳೆಗಾಲದಲ್ಲಿ ಅಂಟು ತೊಳೆದುಹೋಗಿ ಗೊತ್ತಾಗದು, ಅದಕ್ಕೆ ಬುಡ ಕೆರೆದು ನೋಡಿ ಎಂದದ್ದು. ಎಲೆಯ ನಡುನರ ಹಳದಿಯಾಗಿ ಉಳಿದ ಭಾಗ ಹಸಿರಾಗಿರುವುದು ಇದರ ಇನ್ನೊಂದು ಗುರುತು. ಮಾಡಬೇಕಾದ್ದು ಇಷ್ಟು: ಕೊಳೆತ ತೊಗಟೆಯನ್ನು ಸುತ್ತಲೂ ಒಂದೆರಡು ಸೆಂ.ಮೀ. ಒಳ್ಳೆಯ ಭಾಗ ಸೇರಿಸಿ ಕೆತ್ತಿ, ಕೆತ್ತಿದ್ದನ್ನು ಹಾಳೆಯ ಮೇಲೆ ಹಿಡಿದು ಸುಡಿ. ಗಾಯ ಒಂದು ದಿನ ಒಣಗಲಿ. ಆಮೇಲೆ ಬೋರ್ಡೋ ಮುಲಾಮು ಹಚ್ಚಿ. ಬೇರು ಹರಡಿದ ಮಣ್ಣಿಗೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿಯನ್ನು ಲೀಟರ್ ನೀರಿಗೆ 2 ಗ್ರಾಂನಂತೆ ಕದಡಿ ನೆನೆಯುವಷ್ಟು ಸುರಿಯಿರಿ. ಮೇಲ್ಬದಿಗೆ ಅರ್ಧಚಂದ್ರಾಕಾರದ ಚರಂಡಿ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿ. ನೀರು ತಿರುಗಿಸದೆ ಔಷಧಿ ಮಾತ್ರ ಸುರಿದರೆ ಮುಂದಿನ ಮಳೆಗೆ ರೋಗ ಮತ್ತೆ ಬರುತ್ತದೆ.

ಸತು ಕೊರತೆಯಾದರೆ 10 ಲೀಟರ್ ನೀರಿಗೆ 50 ಗ್ರಾಂ ಸತುವಿನ ಸಲ್ಫೇಟ್, 25 ಗ್ರಾಂ ಸುಣ್ಣ ಕದಡಿ, ಸೋಸಿ ಎಳೆಯ ಎಲೆಗೆ ಸಿಂಪಡಿಸಿ. ನಿಂಬೆಯ ಎಲೆ, ಕಾಯಿಯ ಮೇಲಿನ ಉಬ್ಬಿದ ಹಕ್ಕಳೆಯಂಥ ಕಲೆ, ಸುತ್ತ ಹಳದಿ ಉಂಗುರ ಇದ್ದರೆ ಕಜ್ಜಿ ರೋಗ. ರೋಗದ ಕಡ್ಡಿ ಸವರಿ ಸುಟ್ಟು, ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಸಿಂಪಡಿಸಿ. ನಮ್ಮ ಕಿತ್ತಳೆಗೆ ಈ ಕಾಟ ಕಡಿಮೆ.

ಅಡಿಕೆ, ತೆಂಗು

ಅಡಿಕೆಯ ಕೊಳೆರೋಗವನ್ನು ನೆಲದ ಮೇಲೆ ಗುರುತಿಸಬೇಕು. ಉದುರಿದ ಹಸಿರು ಕಾಯಿಯ ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಡುಹಸಿರು ಕಲೆ, ಎರಡು ದಿನ ಬಿಟ್ಟರೆ ಅದರ ಮೇಲೆ ಬಿಳಿ ಬೂಷ್ಟು. ಮಳೆಗೆ ಮುನ್ನ ಒಮ್ಮೆ, 40ರಿಂದ 45 ದಿನಕ್ಕೆ ಮತ್ತೊಮ್ಮೆ ಶೇ. 1ರ ಬೋರ್ಡೋ ಗೊನೆಗೆ ಬೀಳಬೇಕು. ಉದುರಿದ ಕಾಯಿಯನ್ನು ಹೆಕ್ಕಿ ಸುಡಿ.

ಸಂಪಾಜೆ, ಚೆಂಬು ಕಡೆಯವರನ್ನು ಕಾಡುವ ಹಳದಿ ಎಲೆ ರೋಗ ಬೇರೆ. ಕೆಳಗಿನ ಮೂರು ನಾಲ್ಕು ಸೋಗೆಗಳ ಎಸಳು ತುದಿಯಿಂದ ಹಳದಿಯಾಗುತ್ತಾ ಬಂದು, ನಡುಕಡ್ಡಿಯ ಎರಡು ಬದಿ ಮಾತ್ರ ಹಸಿರು ಪಟ್ಟಿ ಉಳಿಯುತ್ತದೆ. ಅಡಿಕೆ ಸೀಳಿದರೆ ತಿರುಳು ಕಪ್ಪಾಗಿ ಮೆತ್ತಗಿರುತ್ತದೆ. ಇದಕ್ಕೂ ಮದ್ದಿಲ್ಲ, ಬಸಿಗಾಲುವೆ, ಗೊಬ್ಬರ ಸರಿಯಾಗಿದ್ದರೆ ಮರ ಕೆಲವು ವರ್ಷ ಹೆಚ್ಚು ಫಸಲು ಕೊಡುತ್ತದೆ. ನೀರು ನಿಂತ ತೋಟದ ಅಡಿಕೆಯೂ ಹಳದಿಯಾಗುತ್ತದೆ, ಆದ್ದರಿಂದ ತಿರುಳು ನೋಡದೆ ತೀರ್ಪು ಕೊಡಬೇಡಿ.

ಬುಡದಿಂದ ಕಂದು ರಸ, ಸೋಗೆಗಳು ಕಾಂಡಕ್ಕೆ ಜೋತು ಬಿದ್ದಿರುವುದು, ಕೊನೆಗೆ ಬುಡದಲ್ಲಿ ಅಣಬೆ: ಇದು ಅಣಬೆರೋಗ, ತೆಂಗಿಗೂ ಬರುತ್ತದೆ. ಮರದಿಂದ ಒಂದು ಮೀಟರ್ ದೂರಕ್ಕೆ ಮೇಲೆ ಹೇಳಿದ ಅಳತೆಯ ಚರಂಡಿ ತೋಡಿ ಪಕ್ಕದ ಮರಗಳನ್ನು ಬೇರ್ಪಡಿಸಿ. ಸುಳಿ ಎಳೆದರೆ ಸುಲಭವಾಗಿ ಕಿತ್ತುಬಂದು ದುರ್ನಾತ ಬಂದರೆ ಸುಳಿಕೊಳೆ. ಕೊಳೆತದ್ದನ್ನು ಪೂರ್ತಿ ಕೆತ್ತಿ, ಬೋರ್ಡೋ ಮುಲಾಮು ತುಂಬಿ, ಹೊಸ ಸುಳಿ ಬರುವವರೆಗೆ ಮಳೆ ಬೀಳದಂತೆ ಪ್ಲಾಸ್ಟಿಕ್ ಕಟ್ಟಿಡಿ.

ಬೆಣ್ಣೆಹಣ್ಣು, ಹಲಸು, ಮಾವು

ಬೆಣ್ಣೆಹಣ್ಣಿನ ಮರ ನೀರು ನಿಂತ ಜಾಗದಲ್ಲಿ ಬಾಳದು. ಎಲೆ ಸಣ್ಣದಾಗಿ ಬಿಳಿಚಿ, ನೆತ್ತಿ ಬೋಳಾದಾಗ ಬಾಡಿದೆ ಎಂದು ಇನ್ನಷ್ಟು ನೀರು ಹಾಕುವವರೇ ಹೆಚ್ಚು. ಅದರಿಂದ ಬೇರು ಇನ್ನಷ್ಟು ಕೊಳೆಯುತ್ತದೆ. ನೀರು ನಿಲ್ಲಿಸಿ, ಚರಂಡಿ ತೆಗೆದು, ಬುಡದಿಂದ ಗೇಣು ಬಿಟ್ಟು 10 ಸೆಂ.ಮೀ. ದಪ್ಪ ತರಗೆಲೆ ಹರಡಿ, ಕಿತ್ತಳೆಗೆ ಹೇಳಿದ ಔಷಧಿಯನ್ನೇ ಮಣ್ಣಿಗೆ ಕೊಡಿ. ಯೂರಿಯಾ ಸದ್ಯಕ್ಕೆ ಬೇಡ.

ಹಲಸಿನಲ್ಲಿ ಕಪ್ಪಾಗಿ ಉದುರುವ ಸಣ್ಣ ಕಾಯಿಗಳನ್ನು ಕಂಡು ಗಾಬರಿಯಾಗುವವರಿದ್ದಾರೆ. ಅವುಗಳಲ್ಲಿ ಬಹುಪಾಲು ಗಂಡು ಹೂಗೊಂಚಲು. ಪರಾಗ ಉದುರಿಸಿದ ಮೇಲೆ ಕಪ್ಪಾಗಿ ಬೀಳುವುದೇ ಅವುಗಳ ಸ್ವಭಾವ. ತೊಟ್ಟು ದಪ್ಪವಿದ್ದು ಬುಡದಲ್ಲಿ ಎದ್ದುಕಾಣುವ ಬಳೆ ಇರುವುದು ಹೆಣ್ಣು. ಅದು ಮೆತ್ತಗಾಗಿ ಮೇಲೆ ಬೂದು, ಆಮೇಲೆ ಕಪ್ಪು ಪುಡಿ ಬಂದರೆ ಮಾತ್ರ ಕೊಳೆ. ಬೂಷ್ಟು ಹಿಡಿದ ಗಂಡು ಗೊಂಚಲುಗಳು ಕಾಯಿಗೆ ತಾಗದಂತೆ ಕಿತ್ತುಹಾಕಿ.

ಮಾವಿನ ಹೂವಿಗೆ ಬಿಳಿ ಹಿಟ್ಟು ಎರಚಿದಂತಿದ್ದರೆ ಬೂದಿರೋಗ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಜೇನುನೊಣಗಳು ಗೂಡು ಸೇರಿದ ಸಂಜೆ ಹೊತ್ತಿನಲ್ಲಿ.

ಬೋರ್ಡೋ ತಯಾರಿ

ಹಿತ್ತಲಿಗೆ 10 ಲೀಟರ್ ಸಾಕು. 100 ಗ್ರಾಂ ಮೈಲುತುತ್ತವನ್ನು ಪುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿ, ಹಿಂದಿನ ರಾತ್ರಿಯೇ 5 ಲೀಟರ್ ನೀರಿನಲ್ಲಿ ತೇಲಿಬಿಡಿ. ಇನ್ನೊಂದು ಬಕೆಟ್ಟಿನಲ್ಲಿ 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣಕ್ಕೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸಿ ಅರಳಿಸಿ, 5 ಲೀಟರ್ ಮಾಡಿ ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತಾ ಕೋಲಿನಿಂದ ಕಲಕಿ. ಸುಣ್ಣವನ್ನು ತುತ್ತಕ್ಕೆ ಹುಯ್ದರೆ ಗಸಿ ದಪ್ಪವಾಗಿ ಕೆಳಗಿಳಿಯುತ್ತದೆ, ಸಿಂಪರಣೆಯ ಮೂತಿ ಕಟ್ಟುತ್ತದೆ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು, ತುತ್ತ ಕಬ್ಬಿಣವನ್ನು ತಿನ್ನುತ್ತದೆ. ತಿಕ್ಕಿ ತೊಳೆದ ಕಬ್ಬಿಣದ ಚಾಕನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ, ಎಲೆ ಸುಡುತ್ತದೆ. ಚಾಕು ಹೊಳಪಾಗಿಯೇ ಬರುವವರೆಗೆ ಸುಣ್ಣದ ನೀರು ಸೇರಿಸಿ. ಅಂದಿನದನ್ನು ಅಂದೇ ಮುಗಿಸಿ. ಮೀನಿರುವ ಕೆರೆ, ತೋಡಿಗೆ ಬೀಳಬಾರದು, ತಾಮ್ರ ಮೀನಿಗೆ ವಿಷ. ಮುಲಾಮಿಗೆ ಅದೇ 100 ಗ್ರಾಂ ತುತ್ತ, 100 ಗ್ರಾಂ ಸುಣ್ಣ, ನೀರು ಮಾತ್ರ 1 ಲೀಟರ್.

ರೋಗದ ಶಿಲೀಂಧ್ರಗಳನ್ನು ಹತ್ತಿಕ್ಕುವ ಟ್ರೈಕೋಡರ್ಮಾ ಕೊಡುವವರು ತಾಮ್ರ ಬಿದ್ದ ಮಣ್ಣಿಗೆ ಕನಿಷ್ಠ 15 ದಿನ ಬಿಟ್ಟು ಕೊಡಿ. ಅದೂ ಶಿಲೀಂಧ್ರವೇ, ತಾಮ್ರಕ್ಕೆ ಸಾಯುತ್ತದೆ.

ಸಂದೇಹ ಉಳಿದರೆ

ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಕಾಡುಮರಗಳಿಗಾದರೆ ಪೊನ್ನಂಪೇಟೆಯ ಅರಣ್ಯ ಕಾಲೇಜು, ಇಲ್ಲವೇ ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ಪೂರ್ತಿ ಸತ್ತ ಕೊಂಬೆ ಒಯ್ದರೆ ಅವರಿಗೂ ಏನೂ ಸಿಗದು. ರೋಗ ಮತ್ತು ಆರೋಗ್ಯ ಕೂಡುವ ಗಡಿಯಿರುವ ತುಂಡು ಬೇಕು. ಎಲೆ, ಕಡ್ಡಿಯನ್ನು ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೇರೆ ಬೂಷ್ಟು ಬೆಳೆಯುತ್ತದೆ. ಸಣ್ಣ ಬೇರು ಸೇರಿದ ಅರ್ಧ ಕೆಜಿ ಮಣ್ಣನ್ನು ಮಾತ್ರ ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗಿಸದೆ, ಫ್ರಿಜ್ಜಿನಲ್ಲೂ ಇಡದೆ ಮರುದಿನದೊಳಗೆ ತಲುಪಿಸಿ. ದೂರದಿಂದ ಇಡೀ ಮರದ, ಹತ್ತಿರದಿಂದ ಬುಡದ ಫೋಟೋ, ಕಳೆದ ಆರು ತಿಂಗಳಲ್ಲಿ ಹಾಕಿದ ಗೊಬ್ಬರ, ಔಷಧಿಗಳ ಹೆಸರು ಜೊತೆಗಿರಲಿ.

ಮರ ಉಳಿಯದೆ ತೆಗೆಯಬೇಕಾಗಿ ಬಂದರೆ ಬೇರುಗಳನ್ನು ಆರಿಸಿ ತೆಗೆದು, ಗುಂಡಿಯನ್ನು ಒಂದು ಬೇಸಿಗೆ ಪೂರ್ತಿ ಬಿಸಿಲಿಗೆ ತೆರೆದಿಡಿ. ಬುಡಕೊಳೆಯಿಂದ ಸತ್ತ ಕಿತ್ತಳೆಯ ಗುಂಡಿಗೆ ಮತ್ತೆ ಕಿತ್ತಳೆ, ಬೆಣ್ಣೆಹಣ್ಣು ಬೇಡ. ಹೊಸ ಕಿತ್ತಳೆಯನ್ನು ಬೇರೆ ಕಡೆ, ಸುತ್ತಲ ನೆಲಕ್ಕಿಂತ ಒಂದಡಿ ಎತ್ತರಿಸಿದ ದಿಬ್ಬದ ಮೇಲೆ, ರೋಗಮುಕ್ತ ಎಂದು ದೃಢೀಕರಿಸಿದ ನರ್ಸರಿಯ ಗಿಡ ತಂದು ನೆಡಿ.